ನಿಂಬೆಹಣ್ಣಿಗೆ ಹೋಗದ ಕಪ್ಪು

ಎರಡು ವರ್ಷ ನಾನು ನನ್ನ ಮಗಳ ಕುತ್ತಿಗೆಗೆ ನಿಂಬೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳುತ್ತೇನೆಂದರೆ ಧೈರ್ಯ ಸಾಲುವುದಿಲ್ಲ.

ನಮ್ಮ ಊರು ಇಂಡಿಯಲ್ಲಿ ನಿಂಬೆಹಣ್ಣಿಗೆ ಬರವಿಲ್ಲ. ನನ್ನ ಗಂಡ ಮಲ್ಲಪ್ಪ ಟೆಂಪೊದಲ್ಲಿ ಊರೂರಿನಿಂದ ನಿಂಬೆ ಹೇರಿಕೊಂಡು ಬಜಾರಿಗೆ ತರುವವರು. ಸೀಟಿನ ಕೆಳಗೆ, ಕಟ್ಟೆಯ ಮೇಲೆ, ಬಚ್ಚಲ ಕಿಟಕಿಯಲ್ಲಿ ಎಲ್ಲಿ ನೋಡಿದರೂ ಒಂದು ಹಣ್ಣು ಉರುಳಿಕೊಂಡಿರುತ್ತದೆ. ಮಗಳು ಭಾಗ್ಯಾಳಿಗೆ ಹನ್ನೊಂದು ತುಂಬಿದ ಮೇಲೆ ಅವಳ ಕುತ್ತಿಗೆಯ ಹಿಂದೆ ಕಪ್ಪು ಕಾಣಿಸತೊಡಗಿತು. ಬರಬರುತ್ತ ಅದು ದಪ್ಪಗಾಗಿ, ಗೆರೆಗೆರೆಯಾಯಿತು. ನಾನು ಅದನ್ನು ಕೊಳೆ ಎಂದುಕೊಂಡೆ. ಭಾನುವಾರ ತಲೆಗೆ ಎರೆಯುವಾಗ ಅರ್ಧ ಹೋಳು ನಿಂಬೆ, ಕಡಲೆಹಿಟ್ಟು ಹಚ್ಚಿ, ಅವಳ ತಲೆ ಬಗ್ಗಿಸಿ ಹಿಡಿದು ತಿಕ್ಕುತ್ತಿದ್ದೆ.

"ಉರೀತೈತಿ ಬೇ, ಸಾಕು ಬಿಡು" ಎನ್ನುತ್ತಿದ್ದಳು.

"ಉರೀಲಿ. ಇಷ್ಟ ದೊಡ್ಡಾಕಿ ಆಗಿ ಮೈ ತೊಳಕೊಳ್ಳಾಕ ಬರೂದಿಲ್ಲ ಅಂದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ."

ಮಂದಿ ನನಗೇ ಏಕೆ ಉಗುಳಬೇಕೆಂದರೆ, ನಾನು ಅಂಗನವಾಡಿ ಟೀಚರ್. ಹತ್ತೊಂಬತ್ತು ವರ್ಷದಿಂದ ಮಕ್ಕಳನ್ನು ಜೋಳಿಗೆಯಲ್ಲಿ ಕೂರಿಸಿ ತಕ್ಕಡಿಗೆ ತೂಗಹಾಕಿ, ತಿಂಗಳು ತಿಂಗಳು ಕಾರ್ಡಿನಲ್ಲಿ ಚುಕ್ಕಿ ಇಡುವುದು ನನ್ನ ಕೆಲಸ. ಚುಕ್ಕಿ ಹಸಿರಿನಲ್ಲಿದ್ದರೆ ತಾಯಂದಿರಿಗೆ ಶಹಬ್ಬಾಸ್, ಹಳದಿಗೆ ಇಳಿದರೆ ಬುದ್ಧಿವಾದ, ಕೆಂಪಾದರೆ ದವಾಖಾನೆ. ಭಾಗ್ಯಾಳ ಚುಕ್ಕಿ ಒಂದು ತಿಂಗಳೂ ಹಸಿರಿನಿಂದ ಕೆಳಗೆ ಇಳಿದದ್ದಿಲ್ಲ. ಅದನ್ನು ನಾನು ಓಣಿಯ ಎಲ್ಲ ಬಾಣಂತಿಯರಿಗೂ ತೋರಿಸಿದವಳು. ಕೂಸು ಕೆಳಗೆ ಇಳಿಯುವುದನ್ನು ಕಾಯುವುದೇ ನನಗೆ ರೂಢಿಯಾಗಿತ್ತು. ಮೇಲೆ ಏರುತ್ತಲೇ ಹೋದರೆ ಏನೆಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಹದಿಮೂರನೇ ವಯಸ್ಸಿಗೆ ಅವಳು ಕ್ಲಾಸಿನಲ್ಲಿ ನಿದ್ದೆ ಹೋಗತೊಡಗಿದಳು. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಎನ್ನುತ್ತಿದ್ದಳು. ಇಂಡಿಯ ಮಕ್ಕಳ ಡಾಕ್ಟರ ಬಳಿ ಹೋದೆವು. ಅಲ್ಲಿನ ಬಾಕಿನ ಮೇಲೆ ಕೂತವರ ತೊಡೆಯ ಮೇಲೆಲ್ಲ ಜ್ವರದ ಸಣ್ಣ ಸಣ್ಣ ಕೂಸುಗಳು. ನನ್ನ ಪಕ್ಕ ನನಗಿಂತ ಅಗಲವಾಗಿ ನನ್ನ ಮಗಳು. ಎದುರಿಗಿದ್ದ ಹೆಂಗಸು ತನ್ನ ಸೊರಗಿದ ಕೂಸನ್ನು ತಟ್ಟುತ್ತ, "ಇಕಿಗೇನಾಗೈತ್ರಿ, ಗಟ್ಟಿಮುಟ್ಟ ಅದಾಳಲ್ಲ" ಎಂದಳು. ಭಾಗ್ಯಾ ದುಪಟ್ಟಾ ಎಳೆದು ಕುತ್ತಿಗೆಗೆ ಸುತ್ತಿಕೊಂಡಳು.

ಡಾಕ್ಟರು ಹೊಟ್ಟೆ ಮುಟ್ಟುವ ಮೊದಲು ಆ ದುಪಟ್ಟಾ ಸರಿಸಿ ಕುತ್ತಿಗೆ ನೋಡಿದರು. "ಇದು ಯಾವಾಗಿಂದ ಐತ್ರಿ?"

ನಾನೇ ಬಾಯಿ ಹಾಕಿದೆ. "ಛಲೋತ್ನ್ಯಾಗ ತೊಳಕೊಳ್ಳೂದಿಲ್ರಿ ಸರ್. ಹೇಳಿ ಹೇಳಿ ಸಾಕಾಗೇತಿ."

"ಇದು ಹೊಲಸಲ್ರಿ. ಮೈಯಾಗ ಸಕ್ಕರಿದು ಲೆಕ್ಕ ತಪ್ಪಾಕತ್ರ ಇಲ್ಲಿ ಹಿಂಗ ಕಪ್ಪ ಆಗತೈತಿ. ಎಷ್ಟ ತಿಕ್ಕಿದ್ರೂ ಹೋಗೂದಿಲ್ಲ."

ಭಾಗ್ಯಾ ನನ್ನ ಕಡೆ ನೋಡಲಿಲ್ಲ. ಅವಳು ನೋಡಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ತಿರುಗುವ ಫ್ಯಾನನ್ನೇ ನೋಡುತ್ತ ಕೂತಳು.

ಸ್ಕ್ಯಾನಿನಲ್ಲಿ ಲಿವರಿಗೆ ಕೊಬ್ಬು ಕೂತಿದೆ ಎಂದು ಬಂತು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ತೂಕ ಇಳಿಸಿದರೆ ಹಿಂದಕ್ಕೆ ಹೋದೀತು ಎಂದರು ಡಾಕ್ಟರು. "ಇಳಿಸೂದು ದೊಡ್ಡದಲ್ಲ, ಇಳಿದದ್ದು ಉಳೀಬೇಕು" ಎಂಬ ಮಾತನ್ನೂ ಸೇರಿಸಿದರು.

ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ. ಮಲ್ಲಪ್ಪ ಟೆಂಪೊ ತೊಳೆಯಲು ಹೋದವರು ಎರಡು ತಾಸು ಅದನ್ನೇ ತೊಳೆದರು. ನಮ್ಮ ಅತ್ತೆ ಗಂಗವ್ವ ಒಣಮೆಣಸಿನಕಾಯಿ, ಉಪ್ಪು ತಂದು ಮೊಮ್ಮಗಳಿಗೆ ಇಳಿತೆಗೆದು ಒಲೆಗೆ ಹಾಕಿದರು. "ಕೂಸು ಮೈಕೈ ತುಂಬ್ಕೊಂಡೈತಿ, ಯಾರರ ಕಣ್ಣ ಬಿದ್ದಿರಬೇಕು" ಎಂದರು. ಮೆಣಸಿನಕಾಯಿಗೆ ಘಾಟು ಬರಲಿಲ್ಲ, ಹಾಗಾಗಿ ದೃಷ್ಟಿಯೇ ಎಂದು ಖಾತ್ರಿಯಾಯಿತು. ನಾನು ಕೆಮ್ಮಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಶಿಬಿರಕ್ಕೆ ಸೇರುವ ವಿಚಾರ ಮಲ್ಲಪ್ಪನವರದು. ಬಜಾರಿನಲ್ಲಿ ಯಾರೋ ಕೊಟ್ಟರೆಂದು ಮೂರು ಪಾಂಪ್ಲೆಟು ತಂದರು. ಮನೆಮಂದಿಯೆಲ್ಲ ಕೂಡಿ ಹೋಗಿ ತೂಕ ಇಳಿಸಿಕೊಂಡು ಬರುವ ಶಿಬಿರಗಳು. ಮೂರರಲ್ಲೂ ಮೊದಲು ದಪ್ಪ, ಆಮೇಲೆ ತೆಳ್ಳಗಿನ ಫೋಟೊಗಳು. ನನಗೆ ಈ ಒಂದು ವಿದ್ಯೆ ಮಾತ್ರ ಗೊತ್ತಿತ್ತು: ಕೂಸಿನ ಕಾರ್ಡಿನಲ್ಲಿ ಒಂದು ತಿಂಗಳ ಚುಕ್ಕಿ ನೋಡಿ ಹಿಗ್ಗಬಾರದು, ಆರು ತಿಂಗಳ ಗೆರೆ ನೋಡಬೇಕು. ಅದಕ್ಕೆ ಮೂರೂ ಕಡೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಹ್ವಾದ ವರ್ಷ ಬಂದು ಹ್ವಾದವರು ಯಾರರ ನಮ್ಮ ಕಡೆ ಅದಾರೇನ್ರಿ? ಹೋಗಿ ಮಾತಾಡಿಸ್ತೇನಿ."

ಮೊದಲನೆಯವರು ಫೋಟೊ ಕಳಿಸುತ್ತೇವೆ ಎಂದರು. ಎರಡನೆಯವರು, ಪುಡಿ ಕಲಸಿ ಕುಡಿಸುವವರು, ಸಿಂದಗಿಯ ಬಟ್ಟೆ ಅಂಗಡಿಯ ಮುಮ್ತಾಜ್ ಎಂಬವರ ಹೆಸರು ಕೊಟ್ಟರು. ಹೋದೆವು. ಮುಮ್ತಾಜ್ ಅಕ್ಕ ಬಿಸಿ ಭಜಿ ತಂದಿಟ್ಟು, ತಾವೂ ಒಂದು ಬಾಯಿಗೆ ಹಾಕಿಕೊಂಡು ಮಾತಿಗೆ ಕೂತರು. ಅವರ ಕುಪ್ಪಸದ ಪಕ್ಕದಲ್ಲಿ ಹಳೆಯ ಹೊಲಿಗೆಯ ತೂತುಗಳ ಸಾಲು ಕಾಣುತ್ತಿತ್ತು. ಒಮ್ಮೆ ಬಿಗಿ ಮಾಡಿ, ಮತ್ತೆ ಬಿಚ್ಚಿದ್ದು.

"ಆ ಇಪ್ಪತ್ತೊಂದು ದಿನ ಭಾಳ ಛಲೋ ಇದ್ನಿ ನೋಡವಾ" ಎಂದರು. "ಮನಿಗೆ ಬಂದ ಮ್ಯಾಲ ಮತ್ತ ನಾನ ಆದ್ನಿ."

ಮೂರನೆಯದು ಬಸವನ ಬಾಗೇವಾಡಿಯಿಂದ ಇಂಗಳೇಶ್ವರದ ಕಡೆ ಹೋಗುವ ದಾರಿಯಲ್ಲಿ, ಒಂದು ಹೊಲದ ಮನೆಯಲ್ಲಿ. ನಡೆಸುವವರು ಕೆಲಸದಿಂದ ನಿವೃತ್ತರಾದ ಒಬ್ಬ ಲೇಡಿ ಡಾಕ್ಟರು. ಸುತ್ತಲಿನವರೆಲ್ಲ ಡಾಕ್ಟರ್ ಬಾಯಾರು ಎನ್ನುತ್ತಾರೆ. ಅವರು ಮೂರು ಮನೆಯ ಹೆಸರು ಬರೆಸಿದರು. "ಇದ್ರಾಗ ಎರಡು ಮನಿಯವರು ತಿರುಗಿ ದಪ್ಪ ಆಗ್ಯಾರ. ಮುದ್ದೇಬಿಹಾಳದವರು ಹಂಗ ಉಳದಾರ. ಮೂವರನ್ನೂ ಕೇಳ್ರಿ" ಎಂದರು. ಸೋತದ್ದನ್ನೂ ಹೇಳಿದರಲ್ಲ ಎಂದು ನನಗೆ ಅವರ ಮೇಲೆ ನಂಬಿಕೆ ಬಂತು.

ಮುದ್ದೇಬಿಹಾಳದವರು ಒಬ್ಬ ಬಸ್ ಕಂಡಕ್ಟರು, ಈರಣ್ಣ. ಎರಡು ವರ್ಷದಿಂದ ತೂಕ ಹಾಗೇ ಇದೆ. ಏನು ಗುಟ್ಟು ಎಂದರೆ ಅಡುಗೆಮನೆಯ ಕಡೆ ಕೈ ಮಾಡಿದರು. "ಅಡಗಿ ಮಾಡಾಕಿ ನನ್ನ ಸಂಗಾಟ ಬಂದಿದ್ಲು, ಅದಕ್ಕ ಉಳೀತ್ರಿ. ಆಕೀನ ಬಿಟ್ಟು ಹೋಗಿದ್ರ ನಾನೂ ಸುಳ್ಳ ಬಸ್ ಚಾರ್ಜ್ ಹಾಕ್ಕೊಂಡಂಗ ಆಗ್ತಿತ್ತು."

ಶಿಬಿರದ ಶರತ್ತೂ ಅದೇ. ಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೋ ಅವರು ಬರಲೇಬೇಕು. ನಮ್ಮ ಮನೆಯಲ್ಲಿ ಅದು ಅತ್ತೆ. ನಾನು ಬೆಳಿಗ್ಗೆ ಅಂಗನವಾಡಿಗೆ ಹೋದರೆ ಬರುವ ಹೊತ್ತಿಗೆ ರೊಟ್ಟಿಯ ಹೆಡಿಗೆ ತುಂಬಿರುತ್ತದೆ. ಅತ್ತೆಯನ್ನು ಕೇಳಿದೆ.

"ಎಮ್ಮಿ ಯಾರ ಹಿಂಡ್ತಾರ? ಅದು ನನ್ನ ಕೈ ಬಿಟ್ರ ಯಾರಿಗೂ ತೊರೀ ಬಿಡೂದಿಲ್ಲ. ನೀ ಕೈ ಹಚ್ಚಿದಾಗ ಒದ್ದದ್ದು ಮರ್ತಿ ಏನು?"

ಮರೆತಿರಲಿಲ್ಲ, ಮೊಣಕಾಲಿಗೆ ಇನ್ನೂ ಗುರುತಿದೆ. ಹಾಗೆಂದು ಡಾಕ್ಟರ್ ಬಾಯಾರಿಗೆ ನಿಜ ಹೇಳಬಹುದಿತ್ತು. ಫಾರಮಿನಲ್ಲಿ ಅಡುಗೆ ಮಾಡುವವರು ಯಾರು ಎಂಬಲ್ಲಿ ನಾನು ನನ್ನ ಹೆಸರು ಬರೆದೆ. ಎಪ್ಪತ್ತು ವರ್ಷದ ಅತ್ತೆಯ ಕೈಯಲ್ಲಿ ಅಡುಗೆ ಮಾಡಿಸುತ್ತೇನೆ ಎಂದು ಬರೆಯಲು ಸೊಸೆಯಾದವಳಿಗೆ ಕೈ ಬರಲಿಲ್ಲ. ಸಣ್ಣ ಸುಳ್ಳು ಎಂದುಕೊಂಡೆ. ಹೀಗೆ ಉಣ್ಣುವ ಮೂವರು ಶಿಬಿರಕ್ಕೆ ಹೋದೆವು, ನೀಡುವವರೊಬ್ಬರು ಮನೆಯಲ್ಲಿ ಉಳಿದರು.

ಶಿಬಿರದಲ್ಲಿ ಒಂದು ವಿಚಿತ್ರ ನಿಯಮ. ಯಾರೂ ಯಾರ ತಟ್ಟೆಗೂ ನೀಡುವಂತಿಲ್ಲ. ಅವರವರೇ ಬಡಿಸಿಕೊಳ್ಳಬೇಕು, ಇನ್ನೊಂದು ಹಾಕಿಕೊ ಎನ್ನುವಂತಿಲ್ಲ. ನಮ್ಮ ಸೀಮೆಯಲ್ಲಿ ಎದುರಿಗೆ ಕೂತವರಿಗೆ ಒತ್ತಾಯ ಮಾಡದೆ ಊಟ ಮುಗಿಸಿದರೆ ಜಗಳವಾಡಿದಂತೆ. ಮೊದಲ ದಿನ ಭಾಗ್ಯಾ ಒಂದು ರೊಟ್ಟಿ, ಪುಂಡಿಪಲ್ಲೆ ಹಾಕಿಕೊಂಡು ಎದ್ದಾಗ ನನ್ನ ಕೈ ತಾನಾಗಿ ಹೆಡಿಗೆಗೆ ಹೋಯಿತು. ಡಾಕ್ಟರ್ ಬಾಯಾರು ದೂರದಿಂದಲೇ "ಟೀಚರ್, ಕೈ" ಎಂದರು. ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಎರಡನೇ ದಿನ ಎಲ್ಲರ ರಕ್ತ ತೆಗೆದರು. ಮಗಳ ಸಕ್ಕರೆ ಹೊಸ್ತಿಲಲ್ಲೇ ನಿಂತಿತ್ತು. ನನ್ನದು ಹೊಸ್ತಿಲು ದಾಟಿ ಎಂದೋ ಒಳಗೆ ಬಂದು ಕೂತಿತ್ತು. ನನಗೆ ನಂಬಿಕೆಯಾಗಲಿಲ್ಲ, ಯಾರದೋ ಶೀಸೆಯ ಜೊತೆ ಅದಲುಬದಲಾಗಿರಬೇಕು ಎಂದೆ. ಬಾಯಾರು ನನ್ನ ಹಿಂದೆ ಬಂದು ನಿಂತು, ತುರುಬನ್ನು ಮೇಲೆತ್ತಿ, ಭಾಗ್ಯಾಳನ್ನು ಕರೆದರು. "ನೋಡು ಇಲ್ಲಿ."

ನನ್ನ ಕುತ್ತಿಗೆಯಲ್ಲಿ ಮಗಳದಕ್ಕಿಂತ ದಪ್ಪ ಕಪ್ಪಿತ್ತು. ತುರುಬು, ತಾಳಿಸರ, ಸೆರಗಿನ ಕೆಳಗೆ ಎಷ್ಟು ವರ್ಷದಿಂದ ಇತ್ತೋ. ತನ್ನ ಕುತ್ತಿಗೆಯ ಹಿಂಭಾಗವನ್ನು ಯಾರು ನೋಡಿಕೊಳ್ಳುತ್ತಾರೆ? ಭಾಗ್ಯಾ ಫೋನಿನಲ್ಲಿ ಫೋಟೊ ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಬೈದ ಬೈಗುಳ ಒಂದನ್ನೂ ಅವಳು ತಿರುಗಿ ಹೇಳಲಿಲ್ಲ. ನಾನು ಹೊರಗೆ ತೊಗರಿ ಹೊಲದ ಬದುವಿನ ಮೇಲೆ ಕೂತು ಕಣ್ಣೀರು ಹಾಕಿದೆ. ಅಳು ಬಂದದ್ದು ನನ್ನ ಕಾಯಿಲೆಗೋ ನಿಂಬೆಹಣ್ಣಿಗೋ ನನಗೇ ಬಗೆಹರಿಯಲಿಲ್ಲ. ನಮ್ಮಂತೆ ಶಿಬಿರಕ್ಕೆ ಬಂದಿದ್ದ ಒಬ್ಬ ಅಜ್ಜ ಬದುವಿನ ಆಚೆ ತುದಿಯಲ್ಲಿ ಬಂದು ಕೂತ. ಏನೂ ಕೇಳಲಿಲ್ಲ. ನಾನು ಎದ್ದಾಗ ಎದ್ದು ಹೋದ. ಆ ಉಪಕಾರವನ್ನು ನಾನು ಮರೆತಿಲ್ಲ.

ಹದಿನೈದು ದಿನಕ್ಕೆ ಮೂವರೂ ಇಳಿದೆವು. ಭಾಗ್ಯಾ ಮೆಟ್ಟಿಲು ಏದುಸಿರಿಲ್ಲದೆ ಹತ್ತಿದಳು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಮೊಮ್ಮಗಳ ಗದ್ದ ಹಿಡಿದು ನೋಡಿ, ಒಳಗೆ ಹೋದರು. ಮರುದಿನ ನಾನು ಅಂಗನವಾಡಿಯಿಂದ ಬರುವಾಗ ಓಣಿಯ ತುದಿಗೇ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಬಾಣಂತಿಗೆ ಮಾಡುವ ಅಂಟಿನುಂಡಿ. ನಮ್ಮಲ್ಲಿ ಬೇನೆ ಬಿದ್ದು ಎದ್ದವರಿಗೂ ಅದನ್ನೇ ಕೊಡುವುದು. ಅತ್ತೆಯ ಲೆಕ್ಕದಲ್ಲಿ ನಾವು ಹೋದದ್ದು ದವಾಖಾನೆಗೆ, ಬಂದದ್ದು ಸೊರಗಿ.

ಓಣಿಯವರೂ ಬಿಡಲಿಲ್ಲ. ಬೇನೆಯಿಂದ ಎದ್ದ ಕೂಸೆಂದು ಒಬ್ಬೊಬ್ಬರು ಒಂದೊಂದು ದಿನ ಊಟಕ್ಕೆ ಕರೆದರು. ಹೋಗದಿದ್ದರೆ ಟೀಚರಿಗೆ ಸೊಕ್ಕು ಎನ್ನುತ್ತಾರೆ, ಹೋದರೆ ಶೇಂಗಾ ಹೋಳಿಗೆ. ನಾನು ಗೋಗರೆದದ್ದಕ್ಕೆ ಅತ್ತೆ ಉಂಡಿಯ ಗಾತ್ರವನ್ನು ಅರ್ಧಕ್ಕೆ ಇಳಿಸಿದರು, ಒಂದರ ಬದಲು ಎರಡು ಕೊಟ್ಟರು. ಭಾಗ್ಯಾ ಬೇಡ ಎಂದರೆ ಅವರು ಉಣ್ಣುವುದನ್ನು ಬಿಡುತ್ತಿದ್ದರು. ಅಜ್ಜಿ ಉಪವಾಸ ಇರುವುದನ್ನು ನೋಡಲಾರದೆ ಮಗು ತಿನ್ನುತ್ತಿತ್ತು. ತಿಂದು, ನನ್ನ ಕಣ್ಣಿಗೆ ಬೀಳದಂತೆ ಬಾಯಿ ಒರೆಸಿಕೊಳ್ಳುತ್ತಿತ್ತು. ಊರಿಗೆಲ್ಲ ಆಹಾರದ ಪಾಠ ಹೇಳುವವಳಿಗೆ ತನ್ನ ಅಡುಗೆಮನೆಯಲ್ಲಿ ಬಾಯಿಲ್ಲ.

ಮೂರು ತಿಂಗಳಿಗೆ ಇಳಿದದ್ದೆಲ್ಲ ಏರಿತು. ಒಂದು ಮಧ್ಯಾಹ್ನ ನಾನು ಉಂಡಿಯ ಡಬ್ಬಿ ತೆಗೆದುಕೊಂಡು ಅತ್ತೆಯ ಮುಂದೆ ಕುಕ್ಕಿದೆ. "ನೀವು ಆಕಿಗೆ ವಿಷಾ ಹಾಕಾಕತ್ತೀರಿ" ಎಂದೆ. ಆಡಬಾರದ ಮಾತು, ಆಡಿದೆ.

ಅತ್ತೆ ಸಿಟ್ಟಾಗಲಿಲ್ಲ. ಡಬ್ಬಿಯ ಮುಚ್ಚಳ ಗಟ್ಟಿ ಮಾಡಿದರು. "ಮಲ್ಲಪ್ಪನ ಹಿಂದ ಒಂದು ಹೆಣ್ಣು ಇತ್ತು ನನಗ. ಗೊಬ್ಬರ ಬ್ಯಾನಿ ಆಗಿ, ಮೈತುಂಬ ಗುಳ್ಳಿ ಬಂದು, ಬದುಕಿ ಎದ್ದಿತ್ತು. ಎದ್ದದ್ದು ಮೈ ಹಿಡೀಲೇ ಇಲ್ಲ. ದಿನಾ ಒಂದೀಟು ಒಂದೀಟು ಸಣ್ಣಾಗಿ ಹೋತು. ನಿಮ್ಮ ಅಂಗನವಾಡಿ ಆಗ ಇರಲಿಲ್ಲ ಶಾಂತವ್ವ. ಸಣ್ಣಾಗೂದು ಹೆಂಗಿರತೈತಿ ಅಂತ ನನಗ ಗೊತ್ತೈತಿ."

ಆ ಮನೆಗೆ ಬಂದು ಹದಿನೆಂಟು ವರ್ಷವಾಗಿತ್ತು, ಆ ಕೂಸಿನ ಸುದ್ದಿ ನಾನು ಕೇಳಿರಲಿಲ್ಲ. ಕೆಂಪು ಪಟ್ಟಿಗೆ ಇಳಿದ ಮಕ್ಕಳನ್ನು ನಾನೂ ಎತ್ತಿಕೊಂಡಿದ್ದೇನೆ. ಕೈಗೆ ಭಾರವೇ ಹತ್ತುವುದಿಲ್ಲ. ಅತ್ತೆಯ ಪಕ್ಕ ಕೂತೆ.

ಮರುವಾರ ಬಾಗೇವಾಡಿಗೆ ಹೋಗಿ ಡಾಕ್ಟರ್ ಬಾಯಾರ ಮುಂದೆ ಎಮ್ಮೆಯ ಸಂಗತಿ ಹೇಳಿ ಸುಳ್ಳನ್ನು ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಕೇಳಿದರು: "ಎಮ್ಮಿ ಯಾವಾಗ ಬತ್ತತೈತಿ?"

ಗಬ್ಬವಿದ್ದ ಎಮ್ಮೆ ದೀಪಾವಳಿ ದಾಟಿದ ಮೇಲೆ ಹಾಲು ಕೊಡುವುದನ್ನು ನಿಲ್ಲಿಸಿತು. ಹಿಂಡುವ ಕೆಲಸವಿಲ್ಲ, ಮೇವು ಹಾಕಿದರೆ ಸಾಕು. ಅದನ್ನು ಮಲ್ಲಪ್ಪ ಹೊತ್ತುಕೊಂಡರು. ಅತ್ತೆ ಹೊರಡಲು ಒಪ್ಪಿದ್ದು ನನ್ನ ಸಲುವಾಗಿ. "ನಿನಗೂ ಸಕ್ಕರಿ ಬ್ಯಾನಿ ಅಂತೀ, ಸೊಸಿಗೆ ಬುತ್ತಿ ಕಟ್ಟವರು ಬೇಕಲ್ಲ" ಎಂದು ಮೂರು ದಿನದ ಬುತ್ತಿ ಕಟ್ಟಿಕೊಂಡೇ ಬಸ್ಸು ಹತ್ತಿದರು. ಶಿಬಿರದ ಬಾಗಿಲಲ್ಲಿ ಬಾಯಾರು ಆ ಗಂಟನ್ನು ಎರಡೂ ಕೈಯಿಂದ ತೆಗೆದುಕೊಂಡು, ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ ಆಳುಗಳಿಗೆ ಕಳಿಸಿದರು.

ಯಾರಿಗೂ ನೀಡಬಾರದು ಎಂಬ ನಿಯಮ ಅತ್ತೆಗೆ ಗಾಣದ ಕೆಲಸವಾಯಿತು. ಊಟದ ಹೊತ್ತಿಗೆ ಅವರ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. "ನೀಡಬ್ಯಾಡಂದ್ರ ನಾ ಇಲ್ಲಿ ಯಾಕ ಕುಂತೇನಿ" ಎಂದು ಒಂದು ದಿನ ಎದ್ದೇ ಹೋದರು. ಐದನೇ ದಿನ ಬಾಯಾರು ಅವರನ್ನು ಕೂರಿಸಿಕೊಂಡು ಭಾಗ್ಯಾಳ ಸ್ಕ್ಯಾನ್ ತೋರಿಸಿದರು. ಅತ್ತೆಗೆ ಅದರಲ್ಲಿ ಏನೂ ತಿಳಿಯಲಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು.

"ಸಣ್ಣಾದ್ರ ಕೂಸು ಸಾಯೂದಿಲ್ಲಲ್ರಿ?"

"ಇಲ್ಲವ್ವ. ಇದು ಬ್ಯಾರೇ ಸಣ್ಣಾಗೂದು."

ಅತ್ತೆ ಪೂರ್ತಿ ನಂಬಿದರೆಂದು ಹೇಳಲಾರೆ. ಮನೆಗೆ ಬಂದ ಮೇಲೆ ಅವರು ಅಂಟಿನುಂಡಿ ಮಾಡಲಿಲ್ಲ. ಈಗ ಹಬ್ಬಕ್ಕಷ್ಟೇ ಮಾಡುತ್ತಾರೆ, ಭಾಗ್ಯಾಳಿಗೆ ಒಂದೇ ಕೊಡುತ್ತಾರೆ, ಕೊಟ್ಟು ಅವಳ ಮುಖವನ್ನು ತಿರುತಿರುಗಿ ನೋಡುತ್ತಾರೆ. ಮೊಮ್ಮಗಳು ಊಟಕ್ಕೆ ಕೂತರೆ ಎಮ್ಮೆಯ ಕಡೆ ಎದ್ದು ಹೋಗುತ್ತಾರೆ. ಎದುರಿಗಿದ್ದರೆ ಕೈ ನಿಲ್ಲುವುದಿಲ್ಲವಂತೆ.

ಇದಾಗಿ ಒಂದು ವರ್ಷ ದಾಟಿದೆ. ಉಳಿಯಿತೇ ಎಂದು ಯಾರಾದರೂ ನನ್ನ ಮನೆ ಹುಡುಕಿಕೊಂಡು ಬಂದು ಕೇಳಿದರೆ ಇದ್ದದ್ದನ್ನು ಹೇಳುತ್ತೇನೆ. ಭಾಗ್ಯಾಳಿಗೆ ಇಳಿದದ್ದರಲ್ಲಿ ಅರ್ಧ ಉಳಿದಿದೆ, ಅರ್ಧ ಹಬ್ಬಗಳಿಗೆ ಹೋಯಿತು. ಅವಳ ಸಕ್ಕರೆ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದಿದೆ. ನಾನು ಎರಡು ಹೊತ್ತು ಗುಳಿಗೆ ನುಂಗುತ್ತೇನೆ. ಮಲ್ಲಪ್ಪ ಮತ್ತೆ ಮೊದಲಿನಂತೆ ಆಗಿದ್ದಾರೆ, ಕೇಳಿದರೆ ಟೆಂಪೊ ತೊಳೆಯಲು ಹೋಗುತ್ತಾರೆ. ಪ್ರತಿ ತಿಂಗಳು ಬಾಗೇವಾಡಿಯ ಆ ತಕ್ಕಡಿ ಹತ್ತುವಾಗ ನಾನು ಮುಳ್ಳು ನೋಡದೆ ಬಾಯಾರ ಮುಖ ನೋಡುತ್ತೇನೆ. ನನ್ನ ಜೋಳಿಗೆಯ ಮುಂದೆ ನಿಲ್ಲುತ್ತಿದ್ದ ತಾಯಂದಿರ ಮುಖ ಆಗ ನೆನಪಿಗೆ ಬರುತ್ತದೆ.

ಭಾಗ್ಯಾಳಿಗೆ ನಾನು ಇನ್ನೂ ತಪ್ಪಾಯಿತು ಎಂದು ಹೇಳಿಲ್ಲ. ನಮ್ಮಲ್ಲಿ ತಾಯಿ ಮಗಳಿಗೆ ಹಾಗೆ ಹೇಳುವ ರೂಢಿಯಿಲ್ಲ, ಹೇಗೆ ಶುರು ಮಾಡಬೇಕೋ ತಿಳಿಯುವುದಿಲ್ಲ. ಬಚ್ಚಲ ಕಿಟಕಿಯಿಂದ ನಿಂಬೆಹಣ್ಣು ತೆಗೆದಿಟ್ಟದ್ದೊಂದೇ ನಾನು ಮಾಡಿದ್ದು.

ಹೋದ ಭಾನುವಾರ ನಾನು ಎರೆದುಕೊಳ್ಳಲು ಕೂತಿದ್ದೆ. ಬೆನ್ನು ತಿಕ್ಕಲು ಅವಳನ್ನು ಕರೆದೆ. ಬಂದಳು, ಗಟ್ಟಿಯಾಗಿ ತಿಕ್ಕಿದಳು, ಹೆಗಲು, ಬೆನ್ನು, ತೋಳು. ನನ್ನ ಒದ್ದೆ ಕೂದಲನ್ನು ಮುಂದಕ್ಕೆ ಹಾಕಿ ಕುತ್ತಿಗೆಗೆ ಬಂದಾಗ ಅವಳ ಕೈ ನಿಂತಿತು. ನಾನು ತಲೆ ಬಗ್ಗಿಸಿಯೇ ಕೂತಿದ್ದೆ, ಎಷ್ಟು ಬೇಕಾದರೂ ತಿಕ್ಕಲಿ ಎಂದು. ಅವಳು ಅಂಗೈಯಿಂದ ಬರೀ ನೀರು ಹಾಕಿದಳು, ಒಂದು ಸಲ, ಇನ್ನೊಂದು ಸಲ.

"ಇಲ್ಲಿ ತಿಕ್ಕೂದಿಲ್ಲ ಬೇ" ಎಂದಳು. "ಉರೀತೈತಿ."